ಕೆಳಗಿನ ಚಾವಣಿ ಮೇಲೆ ಸಾರುವೆ ನಿಲ್ಲಿಸುವ ಮುಂಚೆ ಒಳಗೆ ಹೋಗಿ ತಲೆ ಎತ್ತಿ ನೋಡಿ

ಮನೆಯ ಮುಂಭಾಗಕ್ಕೆ ಬಣ್ಣ ಹೊಡೆಸಬೇಕು. ನೆಲದಿಂದ ಸಾರುವೆ ಕಟ್ಟೋಣ ಅಂದರೆ ಮಧ್ಯೆ ಪೋರ್ಟಿಕೊ ಚಾಚಿಕೊಂಡಿದೆ. ಇಲ್ಲವೇ ಮಹಡಿಯ ಪಕ್ಕದ ಗೋಡೆಗೆ ಗಾರೆ ಆಗಬೇಕು, ಅದರ ಬುಡದಲ್ಲೇ ಅಡುಗೆಮನೆಯ ತಗ್ಗು ತಾರಸಿ ಇದೆ. ಮೇಸ್ತ್ರಿ ಆ ತಾರಸಿ ಹತ್ತುತ್ತಾರೆ, ಹಿಮ್ಮಡಿಯಿಂದ ಎರಡು ಸಲ ಗುದ್ದುತ್ತಾರೆ. "ಏನೂ ಆಗಲ್ಲ ಸಾರ್, ಮೋಲ್ಡ್ ಗಟ್ಟಿ ಇದೆ" ಅನ್ನುತ್ತಾರೆ. ಮಧ್ಯಾಹ್ನದೊಳಗೆ ಪೈಪ್‌ಗಳು ಅಲ್ಲಿ ನಿಂತಿರುತ್ತವೆ.

ಮನೆ ಕಟ್ಟಿಸುವುದು, ಹಳೇ ಮನೆ ರಿಪೇರಿ ಮಾಡಿಸುವುದು ನನ್ನ ಕೆಲಸ. ಆ ಮಾತು ನಂಬಿ ನಾನೂ ಒಮ್ಮೆ ಪೆಟ್ಟು ತಿಂದಿದ್ದೇನೆ. ಅವತ್ತಿನಿಂದ ಚಾವಣಿ ಗಟ್ಟಿ ಇದೆಯಾ ಅಂತ ಕೇಳುವುದನ್ನೇ ಬಿಟ್ಟೆ. ಸಾರುವೆಯ ಪ್ರತಿ ಕಾಲನ್ನೂ ಬೆರಳಲ್ಲಿ ತೋರಿಸಿ, "ಈ ಕಾಲಿನ ಭಾರ ನೆಲಕ್ಕೆ ಯಾವ ದಾರಿಯಲ್ಲಿ ಇಳಿಯುತ್ತೆ?" ಅಂತ ಕೇಳುತ್ತೇನೆ. ಅದಕ್ಕೆ ಉತ್ತರ ತಾರಸಿ ಮೇಲೆ ನಿಂತರೆ ಸಿಗುವುದಿಲ್ಲ. ಕೆಳಗಿನ ಕೋಣೆಯೊಳಗೆ ಹೋಗಿ ತಲೆ ಎತ್ತಿ ನೋಡಬೇಕು.

ಹೆಜ್ಜೆ 1: ಯಾವ ಚಾವಣಿ ಅಂತ ಗುರುತಿಸಿ

ಇದನ್ನು ಮೊದಲು ಮಾಡಿ. ಕೆಲವು ಚಾವಣಿಗಳಿಗೆ ಲೆಕ್ಕವೇ ಬೇಡ, ನೋಡಿದ ಕೂಡಲೇ "ಇಲ್ಲ" ಅಂದುಬಿಡಬಹುದು.

ಸಿಮೆಂಟ್ ಶೀಟ್, ಜಿಂಕ್ ಶೀಟ್: ಸಾರುವೆ ಹಾಗಿರಲಿ, ಒಬ್ಬ ಮನುಷ್ಯನೂ ಇದರ ಮೇಲೆ ನಿಲ್ಲಬಾರದು. ಸಿಮೆಂಟ್ ಶೀಟು ಬಿಸಿಲಿಗೆ, ಮಳೆಗೆ ಪೆಡಸಾಗಿರುತ್ತದೆ. ಮುರಿಯುವ ಮುಂಚೆ ಬಾಗುವುದಿಲ್ಲ, ಸದ್ದೂ ಮಾಡುವುದಿಲ್ಲ. ನೇರವಾಗಿ ತೂತಾಗಿ ಮನುಷ್ಯ ಕೆಳಗೆ ಬೀಳುತ್ತಾನೆ. ಹಲಗೆ ಹಾಸಿಕೊಂಡು ಹೋಗ್ತೀವಿ ಅಂದರೂ ಒಪ್ಪಬೇಡಿ.

ಮಂಗಳೂರು ಹೆಂಚು: ಹೆಂಚು ಕೂತಿರುವುದು ರೀಪಿನ ಮೇಲೆ, ರೀಪು ಕೂತಿರುವುದು ಪಕ್ಕಾಸಿನ ಮೇಲೆ. ಇವೆಲ್ಲ ಹೆಂಚಿನ ಭಾರ, ಮಳೆ, ಗಾಳಿ ತಡೆಯಲು ಮಾಡಿದ ಕಟ್ಟು. ಕರಾವಳಿ, ಮಲೆನಾಡಿನಲ್ಲಿ ಅನುಭವ ಇರುವವರು ಮಾಡುವುದೇ ಸರಿಯಾದ ದಾರಿ. ಕಾಲು ಬರುವ ಜಾಗದಲ್ಲಿ ಮಾತ್ರ ನಾಲ್ಕಾರು ಹೆಂಚು ತೆಗೆಯುತ್ತಾರೆ, ಪೈಪನ್ನು ಮಾಡಿನ ಒಳಗಿಂದ ನೆಲಕ್ಕೇ ಇಳಿಸುತ್ತಾರೆ, ಸುತ್ತ ಟಾರ್ಪಾಲು ಹೊದಿಸುತ್ತಾರೆ. ಕೆಲಸ ಮುಗಿದ ಮೇಲೆ ಹೆಂಚು ವಾಪಸ್ ಕೂರುತ್ತದೆ. ಒಂದು ದಿನ ಜಾಸ್ತಿ ಹಿಡಿಯಬಹುದು, ಹಿಡಿಯಲಿ.

ಕಲ್ಲು ಚಪ್ಪಡಿ: ಕೋಲಾರ, ಬೆಂಗಳೂರು ಗ್ರಾಮಾಂತರ, ತುಮಕೂರು ಕಡೆ ಗೋಡೆಯಿಂದ ಗೋಡೆಗೆ ಚಪ್ಪಡಿ ಹಾಸಿದ ಮನೆಗಳು ಇನ್ನೂ ಬೇಕಾದಷ್ಟಿವೆ. ಕಲ್ಲು ಅಂದಮೇಲೆ ಗಟ್ಟಿ ಅಲ್ವಾ ಅನಿಸುತ್ತೆ. ಮೇಲಿಂದ ಒತ್ತಿದರೆ ಗಟ್ಟಿ, ಆದರೆ ಬಾಗಿಸಿದರೆ ಕಲ್ಲಿಗೆ ತಾಕತ್ತು ಕಡಿಮೆ. ಒಳಗೆ ಕಂಬಿ ಇಲ್ಲ. ಸಣ್ಣ ಬಿರುಕು ಇದ್ದರೂ ಒಂದೇ ಏಟಿಗೆ ಎರಡು ತುಂಡಾಗುತ್ತದೆ. ಚಪ್ಪಡಿಯ ನಡುವೆ ಕಾಲು ಊರುವುದು ಬೇಡವೇ ಬೇಡ.

ಮಣ್ಣಿನ ಮಾಳಿಗೆ: ಉತ್ತರ ಕರ್ನಾಟಕದ ಜಂತಿ, ತೊಲೆಯ ಮನೆಗಳಲ್ಲಿ ಮೇಲಿನ ಮಣ್ಣೇ ಒಂದು ಅಡಿ ದಪ್ಪ ಇದ್ದರೆ ಪ್ರತಿ ಚದರ ಮೀಟರಿಗೆ ಸುಮಾರು ಅರ್ಧ ಟನ್ ಆಗುತ್ತದೆ. ಮಳೆಗೆ ನೆನೆದರೆ ಇನ್ನೂ ಜಾಸ್ತಿ. ಆ ಜಂತಿಗಳ ಹೆಗಲ ಮೇಲೆ ಈಗಾಗಲೇ ಸಾಕಷ್ಟು ಹೊರೆ ಇದೆ, ನೀವು ಇನ್ನಷ್ಟು ಹೇರಬೇಡಿ.

ಮದ್ರಾಸ್ ತಾರಸಿ: ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ನೋಡಿರುತ್ತೀರಿ. ಮರದ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣದ ಗಾರೆ ಹಾಕಿರುತ್ತಾರೆ. ಇದರ ರೋಗ ಇರುವುದು ತೊಲೆಯ ತುದಿಯಲ್ಲಿ, ಅಂದರೆ ತೊಲೆ ಗೋಡೆಯೊಳಗೆ ಹೋಗಿರುವ ಕಡೆ. ಅಲ್ಲಿ ತೇವ ನಿಂತು ಮರ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ. ನಡು ಭಾಗ ಚೆನ್ನಾಗಿಯೇ ಕಾಣುತ್ತಿರುತ್ತದೆ. ಒಂದು ಸ್ಕ್ರೂಡ್ರೈವರ್ ತಗೊಂಡು ಗೋಡೆ ಪಕ್ಕದಲ್ಲಿ ತೊಲೆಗೆ ಚುಚ್ಚಿ ನೋಡಿ. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಆ ಚಾವಣಿ ಮೇಲೆ ಸಾರುವೆಯ ಯೋಚನೆ ಬಿಡಿ.

ಉಳಿದದ್ದು ಆರ್‌ಸಿಸಿ ಮೋಲ್ಡ್, ಅಂದರೆ ಕಂಬಿ ಕಟ್ಟಿ ಕಾಂಕ್ರೀಟ್ ಹಾಕಿದ ಚಾವಣಿ. ಮುಂದಿನ ಹೆಜ್ಜೆಗಳೆಲ್ಲ ಅದರ ಬಗ್ಗೆ.

ಹೆಜ್ಜೆ 2: ಮೋಲ್ಡ್ ಯಾವುದರ ಮೇಲೆ ಕೂತಿದೆ?

ಒಂದು ಕಾಗದದಲ್ಲಿ ಕೋಣೆಯ ಚೌಕ ಬರೆದುಕೊಳ್ಳಿ. ಗೋಡೆ ಎಲ್ಲಿದೆ, ಬೀಮ್ ಎಲ್ಲಿದೆ, ಪಿಲ್ಲರ್ ಎಲ್ಲಿದೆ ಗುರುತು ಹಾಕಿ. ಸಾರುವೆಯ ಕಾಲುಗಳು ಬರುವ ಜಾಗಕ್ಕೆ ಚುಕ್ಕೆ ಇಡಿ. ಚುಕ್ಕೆ ಗೋಡೆ ಅಥವಾ ಬೀಮಿನ ನೆತ್ತಿಗೆ ಬಿದ್ದರೆ ಒಳ್ಳೆಯದು. ಗೋಡೆಗೆ ಒಂದಡಿ ಹತ್ತಿರ ಬಿದ್ದರೂ ಅಷ್ಟು ಚಿಂತೆಯಿಲ್ಲ. ಕೋಣೆಯ ನಟ್ಟನಡುವೆ ಬಿದ್ದರೆ ಮೋಲ್ಡ್ ಅತಿ ಹೆಚ್ಚು ಬಾಗುವ ಜಾಗಕ್ಕೇ ಭಾರ ಇಟ್ಟ ಹಾಗೆ.

ಇಲ್ಲಿ ಒಂದು ಅನುಕೂಲ ಇದೆ. ಸ್ವಂತ ಮನೆಯಲ್ಲಿ ನೀವು ಗಾರೆ ಮಾಡಿಸುವ ಎತ್ತರದ ಗೋಡೆಯೇ ಸಾಮಾನ್ಯವಾಗಿ ತಗ್ಗು ಚಾವಣಿಗೂ ಆಸರೆ. ಹಾಗಾಗಿ ಒಳಸಾಲಿನ ಕಾಲು ಆಸರೆಯ ಹತ್ತಿರವೇ ಬರುತ್ತದೆ. ಚಿಂತೆ ಇರುವುದು ನಾಲ್ಕಡಿ ಆಚೆ ನಿಲ್ಲುವ ಹೊರಸಾಲಿನದು. ಪಕ್ಕದ ಮನೆಯವರ ತಾರಸಿ ಆದರೆ ಈ ಲೆಕ್ಕ ನಡೆಯುವುದಿಲ್ಲ. ನಿಮ್ಮ ಗೋಡೆ ಅವರ ಮೋಲ್ಡನ್ನು ಹೊತ್ತಿಲ್ಲ. ಅವರ ಗೋಡೆ ಎಲ್ಲಿದೆ ಅಂತ ಅವರ ಮನೆಯೊಳಗೆ ಹೋಗಿಯೇ ನೋಡಬೇಕು.

ಪ್ಯಾರಾಪೆಟ್ ಮೇಲೆ, ಕಿಟಕಿಯ ಸಜ್ಜಾ ಮೇಲೆ ಕಾಲು ಊರಲೇಬೇಡಿ. ನಾಲ್ಕೂವರೆ ಇಂಚಿನ ಪ್ಯಾರಾಪೆಟ್ ಪಕ್ಕಕ್ಕೆ ತಳ್ಳಿದರೆ ಉರುಳುತ್ತದೆ. ಸಜ್ಜಾ ಇರುವುದು ಬಿಸಿಲು, ಮಳೆ ತಡೆಯಲು ಅಷ್ಟೇ.

ಪೋರ್ಟಿಕೊ ವಿಷಯ ಬೇರೆಯೇ

ಹೊರತುದಿಗೆ ಪಿಲ್ಲರ್ ಇಲ್ಲದೆ ಗೋಡೆಯಿಂದ ಚಾಚಿಕೊಂಡ ಮೋಲ್ಡ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಾನು ಪೆಟ್ಟು ತಿಂದದ್ದು ಇಲ್ಲಿಯೇ.

ಮಾಮೂಲಿ ಮೋಲ್ಡ್ ನಡುವೆ ಕೆಳಕ್ಕೆ ಬಾಗುತ್ತದೆ, ಅದಕ್ಕೇ ಮುಖ್ಯ ಕಂಬಿ ತಳದಲ್ಲಿ ಇರುತ್ತದೆ. ಚಾಚಿದ ಮೋಲ್ಡ್ ತುದಿಯಲ್ಲಿ ಬಾಗುತ್ತದೆ, ಗೋಡೆಯ ಬುಡದಲ್ಲಿ ಮೇಲ್ಭಾಗ ಎಳೆತಕ್ಕೆ ಸಿಗುತ್ತದೆ. ಹಾಗಾಗಿ ಅದರ ಮುಖ್ಯ ಕಂಬಿ ಮೇಲೆ ಇರಬೇಕು. ಆದರೆ ಕಾಂಕ್ರೀಟ್ ಹಾಕುವ ದಿನ ಕೆಲಸದವರು ಆ ಕಂಬಿಗಳ ಮೇಲೆಯೇ ಓಡಾಡುತ್ತಾರೆ. ತುಳಿದು ತುಳಿದು ಕಂಬಿ ಕೆಳಗಿಳಿದುಬಿಡುತ್ತದೆ. ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಅಂಥದ್ದೇ ಒಂದು ಐದಡಿ ಪೋರ್ಟಿಕೊ ಮೇಲೆ ನಾನು ಎರಡು ಸಾಲು ಪೈಪ್ ಸಾರುವೆ ನಿಲ್ಲಿಸಿದ್ದೆ. ಮೂರನೇ ದಿನ ಬೆಳಗ್ಗೆ ಹೋದೆ. ರಾತ್ರಿ ಮಳೆ ಬಂದಿತ್ತು. ಒಂಬತ್ತು ಗಂಟೆ ಬಿಸಿಲಿಗೆ ಪೋರ್ಟಿಕೊ ಮೇಲೆಲ್ಲ ಒಣಗಿ ಬೆಳ್ಳಗಾಗಿತ್ತು. ಗೋಡೆಯ ಬುಡದಲ್ಲಿ ಮಾತ್ರ ಒಂದು ಕಪ್ಪು ಗೆರೆ ಒದ್ದೆಯಾಗಿಯೇ ಇತ್ತು. ಪೆನ್ಸಿಲ್‌ನಲ್ಲಿ ಎಳೆದ ಹಾಗೆ, ಈ ತುದಿಯಿಂದ ಆ ತುದಿವರೆಗೆ. ಕೂತು ಉಗುರು ಆಡಿಸಿದೆ. ಬಿರುಕು. ನೀರು ಅದರೊಳಗೆ ಇಳಿದಿತ್ತು. ಮೇಲೆ ಮೂವರು ಗಾರೆಯವರು ಕೆಲಸ ಶುರು ಮಾಡಿದ್ದರು.

ಅವರನ್ನು ಕಿಟಕಿಯ ಮೂಲಕ ಒಬ್ಬೊಬ್ಬರನ್ನಾಗಿ ಮನೆಯೊಳಗೆ ಇಳಿಸಿದೆವು. ಪೋರ್ಟಿಕೊ ಕೆಳಗೆ ಯಾರೂ ಓಡಾಡದ ಹಾಗೆ ಹಗ್ಗ ಕಟ್ಟಿದೆವು. ಆಮೇಲೆ ಎಂಜಿನಿಯರ್ ಬಂದು ನೋಡಿ, ಅವರು ಹೇಳಿದ ಕ್ರಮದಲ್ಲಿ ಆಸರೆ ಕೊಟ್ಟು ಸಾರುವೆ ಬಿಚ್ಚಿದೆವು. ಒಡೆದು ನೋಡಿದಾಗ ಕಂಬಿ ಇರಬೇಕಾದ ಜಾಗಕ್ಕಿಂತ ಒಂದೂವರೆ ಇಂಚು ಕೆಳಗಿತ್ತು. ಅವತ್ತು ಯಾರಿಗೂ ಏನೂ ಆಗಲಿಲ್ಲ. ಆ ಗೆರೆ ಮಾತ್ರ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆದ್ದರಿಂದ ಚಾಚಿದ ಮೋಲ್ಡ್ ಇದ್ದರೆ ಮೇಲೆ ನಿಂತು ಗೋಡೆಯ ಬುಡ ನೋಡಿ. ಒಂದು ಚೊಂಬು ನೀರು ಸುರಿದು ಒಣಗಲು ಬಿಡಿ. ಕೊನೆಗೆ ಒಣಗುವ ಗೆರೆ ಇದೆಯಾ ಗಮನಿಸಿ. ಗೆರೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಗೆರೆ ಕಾಣದಿದ್ದರೆ ಎಲ್ಲ ಸರಿ ಇದೆ ಅಂತಲ್ಲ. ಕೆಳಗೆ ಆಸರೆ ಇಲ್ಲದೆ ಪೋರ್ಟಿಕೊ ಮೇಲೆ ಸಾರುವೆ ನಿಲ್ಲಿಸುವುದನ್ನು ನಾನಂತೂ ಬಿಟ್ಟಿದ್ದೇನೆ.

ಹೆಜ್ಜೆ 3: ಮೋಲ್ಡ್‌ನ ಆರೋಗ್ಯ ನೋಡಿ

ಒಳಗೆ ಟಾರ್ಚ್ ಹಿಡಿದು ತಳ ನೋಡಿ. ಕಂದು ಬಣ್ಣದ ತುಕ್ಕಿನ ಕಲೆ, ಉದುರಿದ ಸಿಮೆಂಟು, ಹೊರಗೆ ಇಣುಕುವ ಕಂಬಿ, ಇವು ಇದ್ದರೆ ಬೇಡ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಡೆ ಟಣ್ ಅನ್ನುತ್ತದೆ, ಒಳಗೆ ಬಿಟ್ಟುಕೊಂಡ ಕಡೆ ಡಬ್ ಡಬ್ ಅನ್ನುತ್ತದೆ. ಬರೀ ಗಾರೆ ಬಿಟ್ಟಿರಬಹುದು, ಕಾಂಕ್ರೀಟೇ ಬಿಟ್ಟಿರಬಹುದು. ಸ್ವಲ್ಪ ಗಾರೆ ತೆಗೆದು ನೋಡಿದರೆ ಗೊತ್ತಾಗುತ್ತದೆ.

ಎದುರುಬದುರು ಗೋಡೆಗಳ ನಡುವೆ ಚಾವಣಿಗೆ ತಾಗಿದ ಹಾಗೆ ದಾರ ಬಿಗಿದು ಹಿಡಿಯಿರಿ. ಮೋಲ್ಡ್ ಜೋತಿದ್ದರೆ ನಡುವೆ ದಾರವನ್ನು ತಳ್ಳುತ್ತದೆ.

ದಪ್ಪ ತಿಳಿಯಲು ನೀರು ಹೋಗುವ ತೂತು ಅಥವಾ ಮೆಟ್ಟಿಲ ಬಾಯಿಯ ಅಂಚು ಅಳೆಯಿರಿ. ಮೇಲಿನ ಸುರ್ಕಿ (ಇಟ್ಟಿಗೆ ಪುಡಿ ಬೆರೆಸಿದ ಗಾರೆ), ಟೈಲ್ಸು, ತಳದ ಗಾರೆ ಎಲ್ಲ ಸೇರಿ ಏಳಿಂಚು ಕಂಡರೂ ಒಳಗಿನ ಮೋಲ್ಡ್ ನಾಲ್ಕೇ ಇಂಚು ಇರಬಹುದು.

ಹೊಸ ಮನೆ ಆದರೆ ವಯಸ್ಸು ಕೇಳಿ. ಸೆಂಟ್ರಿಂಗ್ ಬಿಚ್ಚಿದ್ದಾರೆ ಅಂದಮಾತ್ರಕ್ಕೆ ಮೋಲ್ಡ್ ಪೂರ್ತಿ ಬಲಿತಿದೆ ಅಂತಲ್ಲ. ಕನಿಷ್ಠ 28 ದಿನ ಆಗಿರಲಿ.

ಹೆಜ್ಜೆ 4: ಒಂದು ಕಾಲಿನ ಭಾರ ಲೆಕ್ಕ ಹಾಕಿ

ಕಷ್ಟದ ಲೆಕ್ಕ ಅಲ್ಲ. ಉದಾಹರಣೆಗೆ 20 ಅಡಿ ಎತ್ತರದ ಸಾರುವೆ, ಎರಡು ಸಾಲಿನ ನಡುವೆ 4 ಅಡಿ, ಕಾಲಿಂದ ಕಾಲಿಗೆ 6 ಅಡಿ, ಸಾರುವೆಯಲ್ಲಿ ಮೂರು ಅಂತಸ್ತಿನ ಅಡ್ಡಪೈಪು ಅಂದುಕೊಳ್ಳಿ. ಮಾಮೂಲಿ ಒಂದೂವರೆ ಇಂಚಿನ ಸಾರುವೆ ಪೈಪ್ ಅಡಿಗೆ ಸುಮಾರು 1.1 ಕೆಜಿ ತೂಗುತ್ತದೆ.

ಒಂದು ಕಾಲಿನ ಪಾಲಿಗೆ ನಿಂತ ಪೈಪು 20 ಅಡಿ, ಉದ್ದದ ಅಡ್ಡಪೈಪು 18 ಅಡಿ, ಅಗಲದ್ದು 6 ಅಡಿ, ಓರೆ ಪೈಪು ಹತ್ತಡಿ ಬರುತ್ತದೆ. ಒಟ್ಟು 54 ಅಡಿ, ಸುಮಾರು 60 ಕೆಜಿ. ಕ್ಲಾಂಪ್‌ಗಳು ಇನ್ನೊಂದು 10 ಕೆಜಿ. ಹಲಗೆಯ ಪಾಲು 30 ಕೆಜಿ. ಒಂದು ಅಂಕಣದಲ್ಲಿ, ಅಂದರೆ ನಾಲ್ಕು ಕಾಲುಗಳ ನಡುವಿನ ಜಾಗದಲ್ಲಿ, ಇಬ್ಬರು ಕೆಲಸದವರು, ನಾಲ್ಕು ಬಾಂಡ್ಲಿ ಗಾರೆ, ಸಾಮಾನು ಸೇರಿ 240 ಕೆಜಿ, ಒಂದು ಕಾಲು ಎರಡು ಅಂಕಣಕ್ಕೆ ಸೇರುವುದರಿಂದ ಅದರ ಪಾಲು ಅರ್ಧ, 120. ಒಟ್ಟು 220 ಕೆಜಿ. ಓಡಾಟದ ಅಲುಗಾಟ, ಧಪ್ಪನೆ ಇಳಿಸುವ ಬಾಂಡ್ಲಿ ಇವನ್ನೂ ಸೇರಿಸಿ 250 ಅಂತ ಇಟ್ಟುಕೊಳ್ಳಿ.

ಪ್ರತಿ ಆರಡಿಗೆ ಎರಡು ಕಾಲು, ಅಂದರೆ 500 ಕೆಜಿ. ಅದು ನಿಂತಿರುವುದು 24 ಚದರ ಅಡಿ ಜಾಗದಲ್ಲಿ. ಚದರ ಅಡಿಗೆ ಸುಮಾರು 21 ಕೆಜಿ ಆಯಿತು.

ಈಗ ಚಾವಣಿ ಕಡೆ ನೋಡಿ. ಭಾರತೀಯ ಮಾನಕ ಐಎಸ್ 875ರ 2ನೇ ಭಾಗದ ಪ್ರಕಾರ, ಜನ ಓಡಾಡುವ ಸಮತಟ್ಟು ತಾರಸಿಗೆ ಚದರ ಮೀಟರಿಗೆ 1.5 ಕಿಲೋನ್ಯೂಟನ್ ಹೊರೆ ಹಿಡಿದು ಲೆಕ್ಕ ಹಾಕುತ್ತಾರೆ. ನಮ್ಮ ಭಾಷೆಯಲ್ಲಿ ಚದರ ಅಡಿಗೆ ಸುಮಾರು 14 ಕೆಜಿ. ಜನ ಹತ್ತದ ಚಾವಣಿಗೆ ಅದರರ್ಧ, 7 ಕೆಜಿ ಮಾತ್ರ.

ಅಂದರೆ ಮಾಮೂಲಿ ಗಾರೆ ಸಾರುವೆಯೇ ಅದು ನಿಂತ ಜಾಗದಲ್ಲಿ ಲೆಕ್ಕದ ಹೊರೆಗಿಂತ ಒಂದೂವರೆ ಪಟ್ಟು ಆಗುತ್ತದೆ. ಹಾಗಂತ ಮೋಲ್ಡ್ ಕೂಡಲೇ ಬೀಳುತ್ತದೆ ಅಂತಲ್ಲ. ಅಕ್ಕಪಕ್ಕದ ಖಾಲಿ ಜಾಗವೂ ಭಾರ ಹಂಚಿಕೊಳ್ಳುತ್ತದೆ, ಲೆಕ್ಕದಲ್ಲಿ ಎಂಜಿನಿಯರ್ ಉಳಿಸಿದ ಬಲವೂ ಇರುತ್ತದೆ. ಆದರೆ ಆ ಉಳಿಕೆ ಇರುವುದು ಕಾಂಕ್ರೀಟಿನ ಹುಳುಕಿಗೆ, ಕಂಬಿಯ ತುಕ್ಕಿಗೆ, ನಮಗೆ ಕಾಣದ ತಪ್ಪಿಗೆ. ಅದಕ್ಕೆ ಕೈ ಹಾಕಬಾರದು. ತಾರಸಿ ಮೇಲೆ ಆಗಲೇ 1000 ಲೀಟರಿನ ನೀರಿನ ಟ್ಯಾಂಕ್ ಇದ್ದರೆ ತುಂಬಿದಾಗ ಒಂದು ಟನ್. ಅದನ್ನೂ ಮರೆಯಬೇಡಿ.

ಹೆಜ್ಜೆ 5: ತೀರ್ಮಾನ

ಕಾಲುಗಳೆಲ್ಲ ಗೋಡೆ, ಬೀಮಿನ ನೆತ್ತಿಗೆ ಬರುತ್ತವೆ, ಮೋಲ್ಡ್ ಆರೋಗ್ಯವಾಗಿದೆ, ಸಾರುವೆ ಒಂದು ಮಹಡಿಯಷ್ಟೇ ಎತ್ತರ, ಬರೀ ಬಣ್ಣದ ಕೆಲಸ: ಇಷ್ಟಿದ್ದರೆ ಹಲಗೆ ಹಾಸಿ ನಿಲ್ಲಿಸಬಹುದು.

ಕಾಲು ಕೋಣೆಯ ನಡುವೆ ಬರುತ್ತದೆ, ಇಲ್ಲವೇ ಗಾರೆ, ಕಲ್ಲಿನ ಕೆಲಸ ಇದೆ: ಕೆಳಗೆ ಜಾಕಿ, ಅಂದರೆ ಚಾವಣಿಗೆ ಆಸರೆ ಕೊಡುವ ತಿರುಪಿನ ಕಬ್ಬಿಣದ ಕಂಬ, ಬೇಕೇ ಬೇಕು. ಎರಡು ಮಹಡಿಗಿಂತ ಎತ್ತರ, ಚಾಚಿದ ಮೋಲ್ಡ್, ಬಿರುಕು ಅಥವಾ ತುಕ್ಕು, ಪಕ್ಕದವರ ಚಾವಣಿ, ಇವುಗಳಲ್ಲಿ ಯಾವುದೇ ಒಂದು ಇದ್ದರೂ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಬಾಯಿಮಾತು ಸಾಲದು, ಕಾಲು ಎಲ್ಲಿ, ಜಾಕಿ ಎಲ್ಲಿ ಅಂತ ಚಿತ್ರ ಬರೆಸಿಕೊಳ್ಳಿ.

ಚಾವಣಿಗೆ ತಾಗಿಸದೆಯೂ ಕೆಲಸ ಆಗುತ್ತದೆ. ತಗ್ಗು ಚಾವಣಿಯ ಎರಡೂ ಕಡೆ ನೆಲದಿಂದ ಸಾರುವೆ ಎಬ್ಬಿಸಿ, ಮಧ್ಯೆ ಕಬ್ಬಿಣದ ತೊಲೆ ಹಾಯಿಸಿ ಅದರ ಮೇಲೆ ಕಟ್ಟಬಹುದು. ಇದಕ್ಕೆ ಎಂಜಿನಿಯರ್ ಲೆಕ್ಕ ಬೇಕು, ಖರ್ಚೂ ಜಾಸ್ತಿ. ಆದರೂ ಹಳೇ ಚಾವಣಿಗಳಿಗೆ ನಾನು ಇದನ್ನೇ ಹೇಳುವುದು.

ಹೆಜ್ಜೆ 6: ಜಾಕಿ ಕೊಡುವಾಗ

ಜಾಕಿ ಸಾರುವೆಯ ಕಾಲಿನ ನೇರ ಕೆಳಗೇ ಬರಬೇಕು. ಎರಡಡಿ ಪಕ್ಕಕ್ಕೆ ಸರಿದರೆ ಅರ್ಧ ಪ್ರಯೋಜನ ಹೋಯಿತು. ಕಿಟಕಿ ಅಥವಾ ಮೂಲೆಯಿಂದ ಅಳತೆ ಹಿಡಿದು ಮೇಲೆ, ಕೆಳಗೆ ಎರಡೂ ಕಡೆ ಗುರುತು ಮಾಡಿ. ಜಾಕಿಯ ತಲೆಗೂ ಬುಡಕ್ಕೂ ದಪ್ಪ ಹಲಗೆ ಇರಲಿ.

ತಿರುಪು ಬಿಗಿ ಮಾಡುವಾಗ ಚಾವಣಿಗೆ ತಾಗಿ, ಕೈಯಿಂದ ಅಲ್ಲಾಡಿಸಿದರೆ ಅಲ್ಲಾಡಬಾರದು, ಅಷ್ಟೇ ಸಾಕು. ರಾಡ್ ಹಾಕಿ ಎತ್ತಬೇಡಿ. ಮುಖ್ಯವಾಗಿ ಚಾಚಿದ ಮೋಲ್ಡ್‌ನ ತುದಿಗೆ ಮಾತ್ರ ಜಾಕಿ ಕೊಟ್ಟು ಎತ್ತಿದರೆ ಅದು ಎರಡು ಕಡೆ ಆಸರೆಯ ಮೋಲ್ಡ್ ಆಗಿಬಿಡುತ್ತದೆ. ಆಗ ನಡುವೆ ಕೆಳಕ್ಕೆ ಬಾಗುತ್ತದೆ, ಅಲ್ಲಿ ತಳದಲ್ಲಿ ಸಾಕಷ್ಟು ಕಂಬಿ ಇರುವುದಿಲ್ಲ.

ಜಾಕಿಯ ಬುಡ ಯಾವುದರ ಮೇಲಿದೆ? ಬೆಂಗಳೂರಿನಲ್ಲಿ ಎಷ್ಟೋ ಮನೆಗಳಲ್ಲಿ ಕಾರು ನಿಲ್ಲಿಸುವ ಜಾಗದ ಕೆಳಗೇ ಸಂಪ್ ಇರುತ್ತದೆ. ಅದರ ಮುಚ್ಚಳದ ಮೋಲ್ಡ್ ಮೇಲೆ ಜಾಕಿ ನಿಲ್ಲಿಸಿದರೆ ಒಂದು ಚಾವಣಿಯ ತೊಂದರೆಯನ್ನು ಇನ್ನೊಂದು ಚಾವಣಿಗೆ ದಾಟಿಸಿದ ಹಾಗೆ. ಕೆಳಗೆ ಇನ್ನೊಂದು ಮಹಡಿ ಇದ್ದರೆ ಅಲ್ಲಿಯೂ ಅದೇ ನೇರದಲ್ಲಿ ಜಾಕಿ ಬೇಕು, ಗಟ್ಟಿ ನೆಲ ಸಿಗುವವರೆಗೂ.

ಹೆಜ್ಜೆ 7: ಮೇಲೆ ನಿಲ್ಲಿಸುವಾಗ

ಪೈಪ್ ಬುಡ ನೇರವಾಗಿ ತಾರಸಿಗೆ ತಾಗಬಾರದು. ಗೋಣಿಚೀಲ ಅಥವಾ ರಬ್ಬರ್ ಹಾಸಿ, ಅದರ ಮೇಲೆ ಒಂಬತ್ತಿಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ, ಅದರ ಮೇಲೆ ಬೇಸ್ ಪ್ಲೇಟ್. ಹಲಗೆ ಕನಿಷ್ಠ ಎರಡು ಕಾಲಿಗೆ ಸೇರಿಸಿ ಉದ್ದ ಇರಲಿ. ಇಟ್ಟಿಗೆ ಚೂರು, ಟೈಲ್ಸ್ ತುಂಡು ಕೊಟ್ಟು ಮಟ್ಟ ಮಾಡುವುದು ಬೇಡ. ನೀರು ಹೋಗುವ ಇಳಿಜಾರಿಗೆ ತಿರುಪಿನ ಬೇಸ್ ಜಾಕ್ ಬಳಸಿ. ಕಾಲುಗಳನ್ನು ಬುಡದಲ್ಲೇ ಅಡ್ಡಪೈಪಿನಿಂದ ಒಂದಕ್ಕೊಂದು ಕಟ್ಟಿಸಿ, ಜಾರುವುದಿಲ್ಲ.

ಗೋಡೆಗೆ ಕಟ್ಟು ಸರಿಯಾಗಿರಲಿ. ಎತ್ತರದಲ್ಲಿ ಹೆಚ್ಚೆಂದರೆ 4 ಮೀಟರಿಗೊಂದು. ಕಿಟಕಿಯೊಳಗಿಂದ ಅಡ್ಡಪೈಪು ಹಾಯಿಸಿ ಹಿಡಿಸುವುದು ಒಳ್ಳೆಯದು. ಕಿಟಕಿಯ ಗ್ರಿಲ್‌ಗೆ, ನೀರಿನ ಪೈಪಿಗೆ ತಂತಿ ಸುತ್ತಿದರೆ ಅದು ಕಟ್ಟು ಅಲ್ಲ. ಹಸಿರು ಬಲೆ ಹಾಕುವುದಿದ್ದರೆ ಕಟ್ಟು ಇನ್ನೂ ಹತ್ತಿರ ಹತ್ತಿರ ಬೇಕು. ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿಗೆ ಆ ಬಲೆ ಪೂರ್ತಿ ಉಬ್ಬಿ ಸಾರುವೆಯನ್ನೇ ಎಳೆಯುತ್ತದೆ.

ಪಕ್ಕದ ಮನೆಯ ಚಾವಣಿ ಆದರೆ ಶುರು ಮಾಡುವ ಮುಂಚೆ ಒಪ್ಪಿಗೆ ಬರೆಸಿಕೊಳ್ಳಿ. ಅವರ ಎದುರಿಗೇ ಒಳಗೆ, ಹೊರಗೆ ಫೋಟೊ ತೆಗೆಯಿರಿ. "ಅಣ್ಣಾ, ಈ ಬಿರುಕು ಮೊದಲೇ ಇತ್ತು, ನೋಡಿಬಿಡಿ" ಅಂತ ತೋರಿಸಿಬಿಟ್ಟರೆ ಆಮೇಲೆ ಜಗಳಕ್ಕೆ ಎಡೆ ಇರುವುದಿಲ್ಲ. ಸಾರುವೆ ಇರುವಷ್ಟು ದಿನ ಆ ಕೋಣೆಯಲ್ಲಿ ಯಾರೂ ಮಲಗದಿರಲಿ, ಮುಖ್ಯವಾಗಿ ಮಕ್ಕಳು, ವಯಸ್ಸಾದವರು.

ಹೆಜ್ಜೆ 8: ದಿನಾ ಬೆಳಗ್ಗೆ ಎರಡು ನಾಣ್ಯ

ಜಾಕಿ ಬೇಕಿಲ್ಲ ಅಂತ ತೀರ್ಮಾನ ಆದ ಚಾವಣಿಗೂ ಇದನ್ನು ಮಾಡಿ. ಸಾರುವೆ ನಿಲ್ಲಿಸುವ ಮುಂಚೆ, ಕೆಳಗಿನ ಕೋಣೆಯ ನಡುವೆ ನೆಲದಿಂದ ಚಾವಣಿವರೆಗೆ ಒಂದು ನೇರ ರೀಪು ನಿಲ್ಲಿಸಿ. ಅದರ ತಲೆಗೂ ಚಾವಣಿಗೂ ನಡುವೆ ಎರಡು ನಾಣ್ಯ ಸಡಿಲವಾಗಿ ಜಾರುವಷ್ಟು ಸಂದು ಬಿಟ್ಟು ಕತ್ತರಿಸಿ. ಅಲುಗದ ಹಾಗೆ ಒಂದು ಬದಿಗೆ ಆಸರೆ ಕಟ್ಟಿ. ದಿನಾ ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ, ಮಧ್ಯಾಹ್ನ ಭಾರ ಹೆಚ್ಚಿರುವಾಗ ಆ ಎರಡು ನಾಣ್ಯ ಹಾಕಿ ನೋಡಿ. ಸಲೀಸಾಗಿ ಜಾರಿದರೆ ಸರಿ. ಎರಡನೇ ನಾಣ್ಯ ಹೋಗದಿದ್ದರೆ ಮೋಲ್ಡ್ ಇಳಿದಿದೆ. ಮೇಲಿನವರನ್ನು ಇಳಿಸಿ, ಆಮೇಲೆ ಮಾತು.

ಬಿಚ್ಚುವ ದಿನ ಎಚ್ಚರ ಇನ್ನೂ ಜಾಸ್ತಿ ಬೇಕು. ಬಿಚ್ಚಿದ ಪೈಪುಗಳನ್ನು ಸುಮ್ನೆ ತಾರಸಿ ನಡುವೆ ಒಟ್ಟಿಬಿಡುತ್ತಾರೆ. 20 ಅಡಿಯ ಪೈಪ್ ಒಂದಕ್ಕೆ 22 ಕೆಜಿ. 50 ಪೈಪ್ ಒಟ್ಟಿದರೆ 1100 ಕೆಜಿ ಒಂದೇ ಕಡೆ ಬಿತ್ತು. ಸಾರುವೆ ನಿಂತಿದ್ದಾಗ ಹೀಗೆ ಒಂದೇ ಕಡೆ ಇರದ ಭಾರ ಅದು. ಹತ್ತು ಪೈಪ್ ಬಿಚ್ಚಿದ ಕೂಡಲೇ ಹಗ್ಗದಲ್ಲಿ ಕೆಳಗಿಳಿಸಿ. ತಾರಸಿ ಪೂರ್ತಿ ಖಾಲಿ ಆದ ಮೇಲೆ ಮಾತ್ರ ಕೆಳಗಿನ ಜಾಕಿಗಳನ್ನು ಸಡಿಲ ಮಾಡಿ, ಮೇಲಿನ ಮಹಡಿಯದು ಮೊದಲು. ರೀಪನ್ನು ಇನ್ನೊಂದು ದಿನ ಅಲ್ಲೇ ಬಿಟ್ಟು, ಮಾರನೇ ಬೆಳಗ್ಗೆ ನಾಣ್ಯಗಳನ್ನು ಕೊನೇ ಸಲ ಹಾಕಿ ನೋಡಿ.